ಒರೆಸದೆ ಬಿಟ್ಟ ಟೀ

"ಸರ ಎತ್ತಿದ್ದು ನೀನೇ. ಸೈನ್ ಹಾಕು, ಸಂಜೆಗೆ ಮನೆಗೆ ಕಳಿಸ್ತೀನಿ" ಎಂದು ಇನ್ಸ್‌ಪೆಕ್ಟರ್ ತಾನೇ ಬರೆಸಿಟ್ಟ ಹೇಳಿಕೆಯನ್ನು ಮುಂದೆ ತಳ್ಳಿದಾಗ, ಸಪ್ಲೈಯರ್‌ನ ನಾಲಿಗೆ ತುದಿಗೆ "ಆಯ್ತು ಸಾರ್" ಬಂದೇಬಿಟ್ಟಿತ್ತು. ಹೋಟೆಲಿನಲ್ಲಿ ಅರ್ಧ ಆಯಸ್ಸು ಸವೆಸಿದ ಜೀವ. ಟೀ ತಣ್ಣಗಿದೆ ಎಂದರೂ ಆಯ್ತು ಸಾರ್, ಗಿರಾಕಿ ಹಿಗ್ಗಾಮುಗ್ಗಾ ಬೈದರೂ ಆಯ್ತು ಸಾರ್. ನಿನ್ನೆ ಠಾಣೆಯಲ್ಲಿ, "ಗಿರಾಕಿ ಮರೆತು ಹೋದ ಸರ ಕದ್ದಿದ್ದು ಒಪ್ಕೋ!" ಎಂದು ಗದರಿದಾಗಲೂ ಬಾಯಿ ಅಭ್ಯಾಸಬಲದಿಂದ ಅದನ್ನೇ ಅಂದಿತ್ತು. ಆ ಎರಡು ಮಾತಿಗೆ ಕೈಕಾಲು ಮೂಡಿ ಈ ಹೇಳಿಕೆಯಾಗಿತ್ತು.

ಬೆಳಿಗ್ಗೆ ಅಕ್ಕ ಕಂಬಿಯಾಚೆ ನಿಂತು ಉಗಿದಿದ್ದಳು. "ಕದ್ದಿಲ್ಲ ತಾನೇ? ಮತ್ತೆ ಕೋಲೆಬಸವನ ಹಾಗೆ ತಲೆ ಆಡಿಸ್ತೀಯಲ್ಲೋ! ವಕೀಲರನ್ನ ಕರ್ಕೊಂಡು ಬರ್ತೀನಿ. ಅಲ್ಲೀವರೆಗೂ ಬಾಯಿಗೆ ಬೀಗ ಹಾಕ್ಕೋ. ಸುಮ್ನಿರೋದು ನಿನ್ನ ಹಕ್ಕು ಕಣೋ."

ಅದು ನೆನಪಾಗಿ ಅವನು ಈಗ ತುಟಿ ಕಚ್ಚಿ ಹಿಡಿದ. ಇನ್ಸ್‌ಪೆಕ್ಟರ್ ರೇಗಿ ಮೇಜು ಗುದ್ದಿದ. ಮೇಜಿನ ಮೇಲಿದ್ದ ಅವನ ಟೀ ಲೋಟ ಮಗುಚಿ ಹರಿಯಿತು. ಸಪ್ಲೈಯರ್‌ನ ಕೈ ತಾನಾಗಿಯೇ ಹೆಗಲಿಗೆ ಹೋಗಿ, ಅಲ್ಲಿಲ್ಲದ ಒರೆಸುವ ಬಟ್ಟೆಗಾಗಿ ತಡಕಾಡಿತು.

"ನೋಡ್ತಾ ಕೂತಿದ್ದೀಯಲ್ಲ, ಒರೆಸೋ!"

ಅವನು ಆ ಕೈಯನ್ನು ನಿಧಾನವಾಗಿ ಇಳಿಸಿ, ಇನ್ನೊಂದು ಕೈಯಿಂದ ತೊಡೆಯ ಮೇಲೆ ಅದುಮಿ ಹಿಡಿದ. ಟೀ ಹೇಳಿಕೆಯ ಅಂಚು ಮುಟ್ಟಿತು. ಅಕ್ಷರಗಳು ಒಂದೊಂದಾಗಿ ಕದಡತೊಡಗಿದವು.

"ವಕೀಲರು ಬರ್ಲಿ ಸಾರ್" ಎಂದ.