ಮೂಗಿಲ್ಲದ ಮಷೀನಿಗೆ ವಾಸನೆ ಕಲಿಸಿದ ಫಕೀರವ್ವ

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಕೆಂಪು ಗುಡ್ಡಗಳಿವೆ... ಆ ಗುಡ್ಡಗಳ ನಡುವೆ ಒಬ್ಬ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಅಳುತ್ತಾ ಕೂತಿದ್ದಳು.

ಇಂಜಿನಿಯರಿಂಗ್ ಕೊನೆಯ ವರ್ಷ. ಫೋಟೋ ನೋಡಿ ಒಳ್ಳೆಯ ಕಾಯಿ ಯಾವುದು, ಒಳಗೇ ಕೆಟ್ಟದ್ದು ಯಾವುದು ಎಂದು ಹೇಳುವ ಮಷೀನ್ ಅವಳ ಪ್ರಾಜೆಕ್ಟ್.

ನಾಲ್ಕು ನೂರು ಫೋಟೋ ತೋರಿಸಿ, ಒಂದೊಂದಕ್ಕೂ "ಒಳ್ಳೇದು", "ಕೆಟ್ಟದ್ದು" ಎಂದು ಹೇಳಿಕೊಟ್ಟಿದ್ದಳು. ಆದರೂ ಹತ್ತರಲ್ಲಿ ನಾಲ್ಕು ತಪ್ಪು...

ಸೋಮವಾರ ಪರೀಕ್ಷೆ. ಮಷೀನ್ ಸೋತರೆ ಅವಳ ಒಂದು ವರ್ಷ ಹೋದ ಹಾಗೆ.

"ಯಾಕ ಅಳಾಕತ್ತೀ ತಂಗಿ? ಖಾರ ಕಣ್ಣಾಗ ಹೋತೇನು?"

ಕೇಳಿದವಳು ಫಕೀರವ್ವ. ನಲವತ್ತು ವರ್ಷದಿಂದ ಅಲ್ಲೇ ಕಾಯಿ ಆರಿಸುವ ಅಜ್ಜಿ.

ಹುಡುಗಿ ಎಲ್ಲ ಹೇಳಿದಳು.

"ಬರೇ ಒಳ್ಳೇದು, ಕೆಟ್ಟದ್ದು ಅಂದ್ರ ಅದಕ್ಕರ ಹೆಂಗ ತಿಳೀಬೇಕು? ಯಾಕ ಅನ್ನೋದು ಹೇಳೀಯೇನು? ನಮ್ಮತ್ತಿ ನನಗ ಹಂಗ ಕಲಿಸಿದ್ರ ನಾ ಎರಡ ದಿನಕ್ಕ ತವರಮನಿಗೆ ಓಡತಿದ್ನಿ!"

ಸುತ್ತ ಕೂತ ಹೆಂಗಸರು ಗೊಳ್ಳೆಂದು ನಕ್ಕರು.

ಫೋಟೋ ತೆಗೆದ ಕಾಯಿಗಳನ್ನು ಹುಡುಗಿ ನಂಬರ್ ಹಾಕಿ ಇಟ್ಟಿದ್ದಳು. ಅಜ್ಜಿ ಒಂದೊಂದನ್ನೂ ನೋಡಿ, ಮೂಗಿನ ಹತ್ತಿರ ಒಯ್ದು, ಹೇಳುತ್ತಾ ಹೋದಳು...

"ಇದು ಮುಗ್ಗು ವಾಸನಿ. ಹಸೀ ಇದ್ದಾಗ ಚೀಲಕ್ಕ ತುಂಬ್ಯಾರ."

"ಇದು ಬಿಸಲಾಗ ಛಲೋ ಒಣಗೇತಿ. ಮೂಗಿಗೆ ಸಿಹಿ ಬಡೀತೈತಿ."

ಮೂರು ದಿನ ಹೀಗೇ ನಡೆಯಿತು. ಪ್ರತಿ ಫೋಟೋದ ಜೊತೆ ಅಜ್ಜಿಯ ಮಾತನ್ನೂ ಸೇರಿಸಿ ಹುಡುಗಿ ಮಷೀನಿಗೆ ಮತ್ತೆ ಕಲಿಸಿದಳು.

ಆದರೂ ಅವಳಿಗೆ ಭಯ... ಪರೀಕ್ಷೆಯಲ್ಲಿ ಮಷೀನಿಗೆ ಸಿಗುವುದು ಬರೀ ಫೋಟೋ. ಅಲ್ಲಿ ವಾಸನೆಯೂ ಇಲ್ಲ, ಅಜ್ಜಿಯೂ ಇಲ್ಲ.

ಸೋಮವಾರ ನೂರು ಹೊಸ ಫೋಟೋ ಕೊಟ್ಟರು... ತೊಂಬತ್ತೊಂದು ಸರಿ!

ಅಜ್ಜಿಯ ಮಾತಿನಿಂದ ಎಲ್ಲಿ ನೋಡಬೇಕೆಂದು ಮಷೀನ್ ಕಲಿತುಬಿಟ್ಟಿತ್ತು. ಬೇರೆಯವರ ಕಣ್ಣಿಗೆ ಬೀಳದ, ಮುಗ್ಗಿದ ಕಾಯಿಯ ತೊಟ್ಟಿನ ಬುಡದ ಒಂದು ಸಣ್ಣ ಮಂಕು...

ಹುಡುಗಿ ಒಂದು ಮೊಳ ಮಲ್ಲಿಗೆ ತಗೊಂಡು ಓಡಿಬಂದಳು.

"ಅಜ್ಜಿ, ಪಾಸಾದ್ನಿ! ಹೂವು ಎಷ್ಟು ಘಮ್ ಅಂತಾವ ನೋಡ್ರಿ..."

ಫಕೀರವ್ವ ಹೂವನ್ನು ಮೂಗಿಗೆ ಒಯ್ದು ಮೆಲ್ಲಗೆ ನಕ್ಕಳು.

"ನನಗ ವಾಸನಿ ಬರಂಗಿಲ್ಲ ಯವ್ವಾ. ಒಂದು ಜ್ವರ ಬಂದಿತ್ತು, ಅವತ್ತ ಹೋತು. ನಾಕು ವರ್ಷ ಆತು."

ಹುಡುಗಿ ನಂಬರ್ ಹಾಕಿದ ಕಾಯಿಗಳತ್ತ ತಿರುಗಿ ನೋಡಿದಳು.

"ಮತ್ತ ಅಷ್ಟೂ ಕಾಯಿ ವಾಸನಿ ಹೆಂಗ ಹೇಳಿದ್ರಿ?"

"ಮೂಗಿಗೆ ಒಯ್ಯೋದು ಬರೇ ರೂಢಿ. ಕಾಯಿ ನೋಡಿದ ಕೂಡ್ಲೇ ನಮ್ಮತ್ತಿ ಹೇಳಿದ್ದು ನೆನಪಾಗ್ತೈತಿ. ಆಕಿ ಹೋಗಿ ಇಪ್ಪತ್ತು ವರ್ಷ... ಇನ್ನೂ ಬಾಜೂಕ ಕುಂತು ಹೇಳ್ತಾಳ ನೋಡು."

ಹುಡುಗಿಯ ಕಣ್ಣು ತುಂಬಿ ಬಂತು.

"ಮತ್ತ ಖಾರ ಹೋತೇನು ಕಣ್ಣಾಗ?" ಎಂದಳು ಅಜ್ಜಿ. "ಅಳೋದು ಸಾಕು. ಈ ಹೂವಿನ ವಾಸನಿ ಹೆಂಗೈತಿ, ನೀ ಹೇಳು."

ಹುಡುಗಿ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ಮದಿವಿ ಮನಿ ಬಾಗಲಾ ತೆಗದಂಗ ಐತಿ, ಅಜ್ಜಿ..."

ಫಕೀರವ್ವ ಕಣ್ಣು ಮುಚ್ಚಿಕೊಂಡಳು.

"ಹಾಂ... ಬಂತು ನೋಡು."

ಕಲಿಸಿದವರು ಪರೀಕ್ಷೆಯ ಕೋಣೆಯೊಳಗೆ ಬರುವುದಿಲ್ಲ... ಪಕ್ಕದಲ್ಲಿ ಕೂತು ಅವರು ಹೇಳಿದ "ಯಾಕೆ" ಮಾತ್ರ ಕೊನೆಯವರೆಗೂ ಜೊತೆಗಿರುತ್ತದೆ.

ಇವತ್ತು ನೀವು ಸಲೀಸಾಗಿ ಮಾಡಿದ ಕೆಲಸದೊಳಗೆ ಯಾರ ದನಿ ಕೂತಿತ್ತು... ಅವರಿಗೆ ಒಮ್ಮೆಯಾದರೂ ಹೇಳಿದ್ದೀರಾ?