ಉಸಿರಿನ ಮುಳ್ಳು

ಹುಡುಗಿ ಬಾಯಿಟ್ಟಿದ್ದೇ ತಡ, ಉಸಿರಿನ ಬಲ ಅಳೆಯುವ ಕೊಳವೆಯ ಮುಳ್ಳು ಚಂಗನೆ ಮುನ್ನೂರೈವತ್ತಕ್ಕೆ ಹಾರಿತು. ನರ್ಸಮ್ಮನ ಹುಬ್ಬು ಗಂಟಿಕ್ಕಿತು. ಈಗಷ್ಟೇ ಒಂದು ಮಹಡಿ ಹತ್ತಿ ಬಂದು, ತನ್ನ ಹೆಸರು ಹೇಳುವಷ್ಟರಲ್ಲಿ ಎರಡು ಸಲ ಏದುಸಿರು ಬಿಟ್ಟ ಮಗುವಿನ ಎದೆಯಲ್ಲಿ ಇಷ್ಟು ಗಾಳಿ ಎಲ್ಲಿತ್ತು?

"ನೋಡಿದ್ರಾ ಸಿಸ್ಟರ್? ಹುಲಿ ನನ್ನ ಮಗಳು! ಓಟಕ್ಕೆ ಫಿಟ್ ಅಂತ ಬರೆದ್ಬಿಡಿ," ಎಂದ, ಬಾಗಿಲಿಗೆ ಒರಗಿ ನಿಂತಿದ್ದ ಅಪ್ಪ. ಶಾಲೆಯಲ್ಲಿ ಓಟ ಕಲಿಸುವ ಮೇಷ್ಟರೂ ಅವನೇ.

ನರ್ಸಮ್ಮ ಪೆನ್ನು ಮುಟ್ಟಲಿಲ್ಲ. ಕೊಳವೆಯ ಬಾಯಿ ಎಂಜಲಿನಿಂದ ತೊಯ್ದಿತ್ತು. ಊದುವ ಬದಲು ನಾಲಿಗೆ ತುದಿಯಿಂದ ಥೂ ಎಂದು ಉಗಿದರೆ ಮುಳ್ಳು ಮೋಸಹೋಗುತ್ತದೆ. ಇಪ್ಪತ್ತು ವರ್ಷ ಮಕ್ಕಳಿಂದ ಊದಿಸಿದವಳಿಗೆ ಅದು ಗೊತ್ತು. ಚೋಟುದ್ದ ಇಲ್ಲದ ಈ ಕಳ್ಳಿಗೆ ಹೇಗೆ ಗೊತ್ತಾಯಿತು? "ಪುಟ್ಟಿ, ಇನ್ನೊಂದ್ಸಲ. ಉಗೀಬಾರ್ದು ಕಣಮ್ಮ, ಊದ್ಬೇಕು," ಎಂದು ಕೊಳವೆಗೆ ಹೊಸ ತುದಿ ಸಿಕ್ಕಿಸಿದಳು. ಹುಡುಗಿಯ ಎರಡೂ ಕೆನ್ನೆ ಮೆಲ್ಲಗೆ ಹಿಡಿದು, ತುಟಿಯ ಮೇಲೇ ಕಣ್ಣಿಟ್ಟಳು. "ಒಂದು, ಎರಡು, ಮೂರು!"

ಹುಡುಗಿ ಕಣ್ಣು ಮುಚ್ಚಿ ಊದಿದಳು. ಸುಂಯ್ ಎಂದು ಸಣ್ಣ ಸಿಳ್ಳೆಯಂಥ ಉಸಿರು ಹೊರಟು, ಮುಳ್ಳು ನೂರೈವತ್ತರಲ್ಲೇ ಕೂತುಬಿಟ್ಟಿತು. ಅದೇ ಗಳಿಗೆಗೆ, ಮಗುವಿಗೆ ತುತ್ತಿಡುವವರು ತಮಗೇ ಗೊತ್ತಿಲ್ಲದೆ ತಾವೂ ಬಾಯಿ ತೆರೆಯುತ್ತಾರಲ್ಲ, ಹಾಗೆ, ಬಾಗಿಲ ಕಡೆಯಿಂದ ಸ್ಪಷ್ಟವಾಗಿ ಕೇಳಿಸಿತು: "ಥೂ!"