ಯಾರೂ ನಿಲ್ಲಲಿಲ್ಲ

ಹೆದ್ದಾರಿ ಕಾಮಗಾರಿಗೆ ಹೊಸಬನೊಬ್ಬ ಬಂದ. ಕೊಡೆ ಹಿಡಿದು ಬದಿಯಲ್ಲಿ ನಿಂತು ಕೆಲಸಗಾರರನ್ನೇ ದಿಟ್ಟಿಸತೊಡಗಿದ.

“ಖಾಲಿ ನಿಂತವರನ್ನ ನೋಡಿ ಕೆಲಸದಿಂದ ತಗಿಯಾಕ ಕಂಪನಿ ಕಳಿಸೈತಿ. ಯಾರೂ ಸುಮ್ನ ನಿಂದ್ರಬ್ಯಾಡ್ರಿ,” ಎಂದ ರೋಲರ್ ಚಾಲಕ ಹುಲಿಗೆಪ್ಪ.

ಅಂದಿನಿಂದ ಡಾಂಬರಿನ ಲಾರಿ ತಡವಾದಾಗಲೆಲ್ಲ ಹೆಂಗಸರು ಗುಡಿಸಿದ್ದನ್ನೇ ಗುಡಿಸಿದರು. ಹುಲಿಗೆಪ್ಪ ಮುಗಿದ ರಸ್ತೆಯ ಮೇಲೇ ರೋಲರ್ ಓಡಿಸಿದ.

ವಾರದ ಕೊನೆಗೆ ಹೊಸಬ ಕೊಡೆ ಮಡಚಿದ.

“ಯಾರನ್ನ ತಗದ್ರಿ ಸರ?” ಹುಲಿಗೆಪ್ಪ ಕೇಳಿಯೇಬಿಟ್ಟ.

“ಯಾರನ್ನೂ ಇಲ್ಲಪ್ಪ. ಡಾಂಬರು ಹೊತ್ತಿಗೆ ಬರಲ್ಲ, ಕಾದು ಕಾದು ಸಾಕಾಯ್ತು ಅಂತ ನೀವೇ ದೂರು ಕೊಟ್ಟಿದ್ರಲ್ಲ, ಅದನ್ನ ನೋಡೋಕೆ ಬಂದಿದ್ದೆ. ಒಬ್ಬರಾದ್ರೂ ಕಾಯ್ತಾ ನಿಂತಿದ್ದು ಕಾಣಲಿಲ್ಲ. ದೂರು ಸುಳ್ಳು ಅಂತ ಹೇಳಿಬಿಟ್ಟೆ.”